ಮಡಿಚುವ ಗಣಕವೋ, ಮೇಜಿನ ಗಣಕವೋ?

ಮನೆಯಲ್ಲಿ ರೇಡಿಯೋ ಇಟ್ಟುಕೊಂಡು ಬಂದ ಹಿರಿಯರಿಗೆ ಈ ಪ್ರಶ್ನೆ ತೀರ ಹೊಸದೆಂದು ತೋರಲಾರದು. ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರಲ್ಲಿ. ಆಗ ರೇಡಿಯೋ ಎಂದರೆ ವಾಲ್ವುಗಳುಳ್ಳ ದೊಡ್ಡ ಪೆಟ್ಟಿಗೆ. ಪಡಸಾಲೆಯ ಮೂಲೆಯ ಮೇಜನ್ನು ಬಿಟ್ಟು ಅದು ಕದಲುತ್ತಿರಲಿಲ್ಲ. ಮುಂದೆ ಟ್ರಾನ್ಸಿಸ್ಟರ್ ಬಂದಿತು. ಹೆಗಲಿಗೆ ತೂಗಿಕೊಂಡು ಹೊಲಕ್ಕೂ ಒಯ್ಯುವಂತಾಯಿತು. ದೊಡ್ಡ ಪೆಟ್ಟಿಗೆಯ ತುಂಬುದನಿ ಚಿಕ್ಕದಕ್ಕೆ ಬರಲಿಲ್ಲ, ಚಿಕ್ಕದರ ಓಡಾಟ ದೊಡ್ಡದಕ್ಕೆ ಒಲಿಯಲಿಲ್ಲ. ಇಂದು ಹಾನಗಲ್ಲಿನ ಅಥವಾ ಸವಣೂರಿನ ಒಂದು ಕುಟುಂಬ ಪೀಕು ಮಾರಿದ ಹಣ ಹಿಡಿದು ಹುಬ್ಬಳ್ಳಿಯ ಅಂಗಡಿಯಲ್ಲಿ ನಿಂತಾಗ ಎದುರಾಗುವುದೂ ಇಂಥದೇ ಪ್ರಶ್ನೆ. ಶಕ್ತಿಶಾಲಿಯಾದ ಲ್ಯಾಪ್‌ಟಾಪ್ ಕೊಳ್ಳುವುದೋ, ಮೇಜಿನ ಮೇಲೆ ನೆಲೆಯಾಗಿ ನಿಲ್ಲುವ ಡೆಸ್ಕ್‌ಟಾಪ್ ಕೊಳ್ಳುವುದೋ? ಬೆಲೆ ಲಕ್ಷವನ್ನು ದಾಟುವ ವಸ್ತು. ಆಯ್ಕೆ ತಪ್ಪಿದರೆ ಮುಂದಿನ ಸುಗ್ಗಿಯವರೆಗೆ ತಿದ್ದಿಕೊಳ್ಳಲು ದಾರಿಯಿರದು.

ಮೊದಲು ಹೆಸರಿನ ಮೋಸವನ್ನು ತಿಳಿಯಬೇಕು. ನಮ್ಮ ನಿಘಂಟುಗಳಲ್ಲಿ ನಾನಾರ್ಥ ಪದಗಳುಂಟು. ‘ಅರಿ’ ಎಂದರೆ ವೈರಿಯೂ ಹೌದು, ತಿಳಿದುಕೊ ಎಂಬ ಕ್ರಿಯೆಯೂ ಹೌದು. ಗಣಕದ ಅಂಗಡಿಯಲ್ಲಿಯೂ ಹಾಗೆಯೇ. ಚಿತ್ರಗಳನ್ನು ರಚಿಸಿ ತೋರಿಸುವ ಭಾಗಕ್ಕೆ ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಾರೆ. ಎನ್‌ವಿಡಿಯಾ ಸಂಸ್ಥೆ 2022ರಲ್ಲಿ ಆರ್‌ಟಿಎಕ್ಸ್ 4090 ಎಂಬ ಕಾರ್ಡನ್ನು ಡೆಸ್ಕ್‌ಟಾಪಿಗಾಗಿ ಹೊರತಂದಿತು. ಅದು 450 ವಾಟ್ ವಿದ್ಯುತ್ ಬಳಸುತ್ತದೆ, ಅದರ ಸ್ಮೃತಿ 24 ಜಿಬಿ. ಮರುವರ್ಷ ಅದೇ ಹೆಸರಿನಿಂದ ಲ್ಯಾಪ್‌ಟಾಪಿಗೂ ಒಂದು ಬಂದಿತು. ಅದರೊಳಗಿನ ಚಿಪ್ಪೇ ಬೇರೆ, ಚಿಕ್ಕದು. ಸ್ಮೃತಿ 16 ಜಿಬಿ. ಬಳಸುವ ವಿದ್ಯುತ್ತು ಹೆಚ್ಚೆಂದರೆ 175 ವಾಟ್. ಹೆಸರು ಒಂದೇ, ದುಡಿಮೆ ಒಂದೇ ಅಲ್ಲ.

ಇದು ಕೇವಲ ವ್ಯಾಪಾರದ ಜಾಣ್ಮೆಯಲ್ಲ. ಹಿಂದೆ ಶಾಖದ ಕಾರಣವಿದೆ. ಗಣಕ ಉಣ್ಣುವ ವಿದ್ಯುತ್ತೆಲ್ಲ ಕಡೆಗೆ ಬಿಸಿಯಾಗಿ ಹೊರಬೀಳಲೇಬೇಕು. ಡೆಸ್ಕ್‌ಟಾಪಿನ ಪೆಟ್ಟಿಗೆಯಲ್ಲಿ ದೊಡ್ಡ ಪಂಖಗಳಿಗೂ ಗಾಳಿಯ ಸಂಚಾರಕ್ಕೂ ಎಡೆಯುಂಟು. ಲ್ಯಾಪ್‌ಟಾಪಿನ ದಪ್ಪ ಎರಡು ಬೆರಳಿನಷ್ಟು. ಬಿಸಿ ಮಿತಿಮೀರಿದೊಡನೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸುತ್ತದೆ. ಐದು ನಿಮಿಷದ ಕೆಲಸದಲ್ಲಿ ಈ ಭೇದ ಅಷ್ಟಾಗಿ ಕಾಣದು. ಐದು ಗಂಟೆಯ ಕೆಲಸದಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಶಿಗ್ಗಾಂವಿಯಲ್ಲಿ ಮದುವೆಯ ವೀಡಿಯೋ ತೆಗೆಯುವ ಒಂದು ಸ್ಟುಡಿಯೋ ಇದೆಯೆಂದು ಭಾವಿಸಿರಿ. ಮದುವೆಯ ಮುಹೂರ್ತಗಳು ಸೇರುವುದು ಏಪ್ರಿಲ್-ಮೇ ತಿಂಗಳ ಬೇಸಗೆಯಲ್ಲಿ. ತಗಡಿನ ಮಾಳಿಗೆಯ ಕೋಣೆ, ಹೊರಗೆ ಉರಿಬಿಸಿಲು. ಎರಡು ದಿನದ ಚಿತ್ರೀಕರಣವನ್ನು ಕತ್ತರಿಸಿ, ಬಣ್ಣ ತಿದ್ದಿ, ಹಾಡು ಕೂಡಿಸಿ ಬೀಗರು ಕೇಳಿದ ದಿನಕ್ಕೆ ಒಪ್ಪಿಸಬೇಕು. ಇಂಥ ದುಡಿಮೆಗೆ ಮೇಜಿನ ಗಣಕವೇ ಸರಿಯೆಂದು ನಾನು ಅಳುಕಿಲ್ಲದೆ ಹೇಳುತ್ತೇನೆ. ಅದೇ ಹಣಕ್ಕೆ ಹೆಚ್ಚು ಶಕ್ತಿ ದೊರೆಯುವುದಲ್ಲದೆ, ಒಂದು ಭಾಗ ಕೆಟ್ಟರೆ ಆ ಭಾಗವನ್ನಷ್ಟೇ ಬದಲಿಸಬಹುದು. ಎರಡು ವರ್ಷದ ನಂತರ ಸ್ಮೃತಿ ಸಾಲದಾದರೆ ಮತ್ತೊಂದು ಪಟ್ಟಿ ಸಿಕ್ಕಿಸಬಹುದು. ಅನೇಕ ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಯನ್ನು ತಾಯಿಹಲಗೆಗೆ ಬೆಸೆದೇ ಬಿಟ್ಟಿರುತ್ತಾರೆ.

ವರ್ಕ್‌ಸ್ಟೇಷನ್ ಎಂಬ ಮಾತೂ ಅಂಗಡಿಯಲ್ಲಿ ಕಿವಿಗೆ ಬೀಳುತ್ತದೆ. ದಿನಗಟ್ಟಲೆ ಬಿಡುವಿಲ್ಲದೆ ದುಡಿಯುವುದಕ್ಕಾಗಿ ಕಟ್ಟಿದ ಗಣಕಗಳಿಗೆ ಆ ಹೆಸರು. ಅವುಗಳಲ್ಲಿ ಹಲವಕ್ಕೆ ಸ್ಮೃತಿಯಲ್ಲಿ ಒಂದು ಅಂಕೆ ಪಲ್ಲಟವಾದರೆ ತಾನೇ ಗುರುತಿಸಿ ತಿದ್ದುವ ಗುಣವಿರುತ್ತದೆ, ಕರಡಚ್ಚು ತಿದ್ದುವ ಪಂಡಿತನಂತೆ. ಸೇತುವೆಯ ಲೆಕ್ಕ ಹಾಕುವವರಿಗೆ ಅದು ಬೇಕಾದೀತು. ಮದುವೆಯ ವೀಡಿಯೋಕ್ಕೆ ಅಷ್ಟು ಖರ್ಚು ಅನಗತ್ಯ.

ಕರೆಂಟು ಹೋದರೆ ಲ್ಯಾಪ್‌ಟಾಪೇ ಮೇಲಲ್ಲವೇ ಎಂದು ನೀವು ಕೇಳುವಿರಿ. ಅರ್ಧ ನಿಜ. ವಿಮಾನಯಾನದ ನಿಯಮದ ದೆಸೆಯಿಂದ ದೊಡ್ಡ ಲ್ಯಾಪ್‌ಟಾಪಿನ ಬ್ಯಾಟರಿಯೂ ಸಾಮಾನ್ಯವಾಗಿ 100 ವಾಟ್-ಗಂಟೆಯೊಳಗೇ ಇರುತ್ತದೆ. 90 ವಾಟ್-ಗಂಟೆಯ ಬ್ಯಾಟರಿಯಿಂದ 120 ವಾಟಿನ ಕೆಲಸ ತೆಗೆದರೆ ಮುಕ್ಕಾಲು ಗಂಟೆಗೆ ಮುಗಿಯಿತು. ಬಹಳಷ್ಟು ಯಂತ್ರಗಳು ಬ್ಯಾಟರಿಯ ಮೇಲೆ ಪೂರ್ಣ ವೇಗದಿಂದ ಓಡುವುದೂ ಇಲ್ಲ. ಮನೆಯ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಗಂಟೆ ಇದೆ. ಸೋರಿಕೆ ಕಳೆದರೂ ಡೆಸ್ಕ್‌ಟಾಪನ್ನು ಮೂರ್ನಾಲ್ಕು ಗಂಟೆ ನಡೆಸೀತು. ಆದರೆ ಇನ್ವರ್ಟರಿನ ಹಿಂದಿನ ಗುಂಡಿ ಯುಪಿಎಸ್ ಎಂಬಲ್ಲಿಗೆ ತಿರುಗಿರಬೇಕು; ಇಲ್ಲವಾದರೆ ಕರೆಂಟು ಬದಲಾಗುವ ಕ್ಷಣದಲ್ಲಿ ಗಣಕ ಆರಿ, ಬರೆದದ್ದು ಅಳಿದುಹೋಗಬಹುದು.

ಇಷ್ಟು ಹೇಳಿದ ಮಾತ್ರಕ್ಕೆ ಲ್ಯಾಪ್‌ಟಾಪ್ ಬೇಡವೆಂದಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿಯ ವಿದ್ಯಾರ್ಥಿ ಹಳ್ಳಿಗೆ ಹೋಗಿ ಅಜ್ಜಿಯೊಬ್ಬಳ ಬೀಸುವಕಲ್ಲಿನ ಪದವನ್ನು ಮುದ್ರಿಸಿಕೊಂಡರೆ, ಅಲ್ಲೇ ಕುಳಿತು ಕೇಳಿಸಿ, ಬಿಟ್ಟುಹೋದ ನುಡಿಯನ್ನು ಆಕೆಯಿಂದಲೇ ತುಂಬಿಸಿಕೊಳ್ಳಬೇಕು. ಹಾನಗಲ್ಲಿನ ತಾರಕೇಶ್ವರ ಗುಡಿಯ ಶಾಸನಗಳನ್ನು ಅಭ್ಯಸಿಸುವವನು ಕಲ್ಲನ್ನು ಮನೆಗೆ ತರಲಾರ. ದೇವಗಿರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲೋ ಹುಬ್ಬಳ್ಳಿಯಲ್ಲೋ ಹಾಸ್ಟೆಲಿನಲ್ಲಿರುವ ನಿಮ್ಮ ಮಗಳು ವಾರಕ್ಕೊಮ್ಮೆ ಊರಿಗೆ ಬರುವವಳಾದರೆ ಅವಳಿಗೂ ಲ್ಯಾಪ್‌ಟಾಪೇ ಬೇಕು. ಆದರೆ ಅತಿ ಶಕ್ತಿಯದು ಭಾರ ಹೆಚ್ಚು. ಅದರ ಚಾರ್ಜರೇ ಇಟ್ಟಿಗೆಯಷ್ಟು ದೊಡ್ಡದಿರುತ್ತದೆ. ಬಸ್ಸಿನಲ್ಲಿ ನಿಂತು ಬರುವವರು ಇದನ್ನು ಮರೆಯಬಾರದು.

ಹಿರೇಕೆರೂರಿನ ಬೀಜದ ಅಂಗಡಿಯ ಲೆಕ್ಕಪತ್ರಕ್ಕಾಗಲಿ, ಸವಣೂರಿನಲ್ಲಿ ನುಡಿ ತಂತ್ರಾಂಶದಿಂದ ಲಗ್ನಪತ್ರಿಕೆಯ ಅಕ್ಷರ ಜೋಡಿಸುವುದಕ್ಕಾಗಲಿ ಇವೆರಡೂ ಬೇಡ. ಸಾಧಾರಣ ಗಣಕ ಧಾರಾಳವಾಗಿ ಸಾಕು.

ಕೊಳ್ಳಲು ಹೋದಾಗ, ನಿಮ್ಮ ಕೆಲಸವನ್ನೇ ಒಂದು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಂಗಡಿಯಲ್ಲಿ ಅರ್ಧ ಗಂಟೆ ಅದನ್ನೇ ಓಡಿಸಿ ನೋಡಿರಿ. ಮೊದಲ ಹತ್ತು ನಿಮಿಷದ ವೇಗ ಕಡೆಯ ಹತ್ತು ನಿಮಿಷಕ್ಕೂ ಉಳಿಯಿತೇ ಎಂದು ಗಡಿಯಾರ ಹಿಡಿದು ಗಮನಿಸಿರಿ. ಗ್ರಾಫಿಕ್ಸ್ ಕಾರ್ಡಿನ ಹೆಸರಿನೊಡನೆ ಅದರ ವಾಟನ್ನೂ ಕೇಳಿರಿ. ದುರಸ್ತಿಯವನು ಹಿರೇಕೆರೂರಿನ ನಿಮ್ಮ ಮನೆಗೇ ಬರುವನೋ, ನೀವೇ ಹುಬ್ಬಳ್ಳಿಗೆ ಹೊತ್ತುಕೊಂಡು ಹೋಗಬೇಕೋ ಎಂಬುದನ್ನು ಹಣ ಕೊಡುವ ಮುನ್ನ ಬಿಲ್ಲಿನ ಮೇಲೆಯೇ ಬರೆಯಿಸಿಕೊಳ್ಳಿರಿ.