ಅಬ್ಬಿಯ ಬುಡದಲ್ಲಿ

ಕೊರವಂಗಲದ ಬೂಚೇಶ್ವರ ದೇಗುಲದ ಸುತ್ತಣ ಬಯಲಲ್ಲಿ ಬೆಳೆದ ನನಗೆ ನೀರೆಂದರೆ ಕೆರೆ, ದೋಣಿಯೆಂದರೆ ಹೇಮಾವತಿಯ ಹರಿಗೋಲು. ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ನೀರಿನ ನಡತೆಯೇ ಬೇರೆ. ಪಡುವಣಕ್ಕೆ ಧುಮುಕುವ ಆ ಹೊಳೆಯಲ್ಲಿ, ಮಳೆಗಾಲದಲ್ಲಿ, ಒಬ್ಬನೇ ಕೂರುವ ಕಿರಿದೋಣಿ ಕಯಾಕನ್ನು ಕಂಡೆ.

ಅಪಾಯವಿರುವುದು ಬೀಳುವ ಎತ್ತರದಲ್ಲೆಂದು ಭಾವಿಸಿದ್ದೆ. ಅದಕ್ಕಿಂತ ಹೆಚ್ಚಾಗಿ ಅದು ಬುಡದಲ್ಲಿದೆ. ಧುಮುಕಿದ ನೀರು ತಳಕ್ಕಿಳಿದು, ಮೇಲ್ಪದರದಲ್ಲಿ ಅಬ್ಬಿಯತ್ತಲೇ ಮರಳಿ ಸುಳಿಯುತ್ತದೆ, ಸಿಕ್ಕಿದವನನ್ನು ಬಿಡದು. ಗಾಳಿ ಬೆರೆತ ನೊರೆ ದೋಣಿಯನ್ನು ಚೆನ್ನಾಗಿ ಎತ್ತಿಹಿಡಿಯಲಾರದು. ಹುಟ್ಟಿಗೂ ಅಲ್ಲಿ ಹಿಡಿತವಿಲ್ಲ. ಅದರಿಂದಲೇ ಬಲ್ಲವನು ಅಂಚಿನಲ್ಲಿ ಹುಟ್ಟನ್ನು ಬಲವಾಗಿ ಎಳೆದು, ದೋಣಿಯ ಮುಂತುದಿಯನ್ನೆತ್ತಿ, ಸುಳಿಯಾಚೆಗೆ ಹಾರಿಸುತ್ತಾನೆ. ಅದಕ್ಕೂ ಮೊದಲು ದಡಕ್ಕಿಳಿದು, ಬಂಡೆಯೇರಿ, ಬಹಳ ಹೊತ್ತು ನೋಡುತ್ತಾನೆ.

ಹಾಗೆ ನೋಡಿದ ಯುವಕನೊಬ್ಬ ದೋಣಿಯನ್ನು ಹೆಗಲಿಗೇರಿಸಿ ಕಾಡುದಾರಿ ಹಿಡಿದ. ಕೆಳಗೆ ಕಾದಿದ್ದ ಗೆಳೆಯರಲ್ಲಿ ಯಾರೂ ನಗಲಿಲ್ಲ.