ಕೋಲೂ ಕ್ಲಬ್ಬು, ಕೂಟವೂ ಕ್ಲಬ್ಬು: ಊರು ಬದಲಿಸಿದ ಗಾಲ್ಫ್ ಆಟಗಾರನ ತಪ್ಪು ಕಲ್ಪನೆಗಳು

ವರ್ಗಾವಣೆಯ ಆಜ್ಞೆ ಕೈಸೇರಿದ ಗೃಹಸ್ಥನು ಹೊಸ ಊರಿನಲ್ಲಿ ಮೊದಲು ಮನೆಯನ್ನೂ, ಅನಂತರ ಮಕ್ಕಳಿಗೆ ಶಾಲೆಯನ್ನೂ, ಆಮೇಲೆ ಹಾಲಿನವನನ್ನೂ ಗೊತ್ತುಮಾಡಿಕೊಳ್ಳುವುದು ಲೋಕರೂಢಿ. ಆದರೆ ಆತನಿಗೆ ಗಾಲ್ಫಿನ ವ್ಯಸನವೇನಾದರೂ ಅಂಟಿಕೊಂಡಿದ್ದರೆ ಈ ಕ್ರಮವು ಕೊಂಚ ಪಲ್ಲಟಗೊಂಡು, ಹಾಲಿನವನಿಗಿಂತ ಮುಂಚಿತವಾಗಿಯೇ ಕ್ಲಬ್ಬಿನ ಕಾರ್ಯದರ್ಶಿಯ ಪರಿಚಯವಾಗಿರುತ್ತದೆ. ಚಾಕರಿಯ ದೆಸೆಯಿಂದ ನಾಲ್ಕಾರು ಊರುಗಳ ನೀರು ಕುಡಿದ ನಾನೂ ಈ ವ್ಯಸನಿಗಳ ಪಂಗಡಕ್ಕೇ ಸೇರಿದವನಾದುದರಿಂದ, ಇಲ್ಲಿ ವಿವರಿಸಲಿರುವ ತಪ್ಪುಗಳಲ್ಲಿ ಹೆಚ್ಚಿನವನ್ನು ಸ್ವತಃ ಮಾಡಿ ಕಲಿತವನೆಂಬ ಅಧಿಕಾರವೊಂದು ನನಗುಂಟು.

ಗಾಲ್ಫಿನ ಪರಿಭಾಷೆಯಲ್ಲಿ ಕೈಯಲ್ಲಿ ಹಿಡಿಯುವ ಕೋಲಿಗೂ ಕ್ಲಬ್ಬೆಂದೇ ಹೆಸರು, ಸೇರಿಕೊಳ್ಳುವ ಕೂಟಕ್ಕೂ ಕ್ಲಬ್ಬೆಂದೇ ಹೆಸರು. ಕೋಲನ್ನು ಕೊಳ್ಳುವಾಗ ತನ್ನ ಎತ್ತರವೆಷ್ಟು, ತೋಳಿನ ನೀಳವೆಷ್ಟು, ಬೀಸಿನ ವೇಗವೆಷ್ಟು ಎಂದು ಅಳೆಸಿಕೊಂಡು, ಹತ್ತು ಚೆಂಡು ಹೊಡೆದು ನೋಡಿ, ಆಮೇಲೆ ಹಣ ಬಿಚ್ಚುವ ವಿವೇಕಿಯು, ಕೂಟವನ್ನು ಸೇರುವಾಗ ಮಾತ್ರ ಯಾವ ಅಳತೆಯನ್ನೂ ತೆಗೆಯದೆ ಹೆಸರಿಗೆ ಮರುಳಾಗುತ್ತಾನೆ. ಚೀಲದಲ್ಲಿ 14 ಕೋಲುಗಳವರೆಗೆ ಇರಿಸಿಕೊಳ್ಳಲು ಆಟದ ನಿಯಮಗಳು ಅನುಮತಿಸುತ್ತವೆ. ಕೂಟವಾದರೋ ಬಹುಮಂದಿಗೆ ಒಂದೇ. ಆ ಒಂದರ ಆಯ್ಕೆಯಲ್ಲಿ ನಮ್ಮನ್ನು ದಾರಿ ತಪ್ಪಿಸುವ ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ತಪ್ಪು ಕಲ್ಪನೆ 1: ಹಳೆಯದಾದಷ್ಟೂ ಕ್ಲಬ್ಬು ಶ್ರೇಷ್ಠ

ಸತ್ಯ: ಪ್ರಾಚೀನತೆಯು ಗೌರವಕ್ಕೆ ಕಾರಣವೇ ಹೊರತು ಅನುಕೂಲಕ್ಕೆ ಪ್ರಮಾಣವಲ್ಲ. ಬ್ರಿಟಿಷ್ ದ್ವೀಪಗಳ ಹೊರಗಿನ ಗಾಲ್ಫ್ ಕ್ಲಬ್ಬುಗಳಲ್ಲಿ ಅತ್ಯಂತ ಹಳೆಯದು 1829ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿತು. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಿಂದ ನಡೆದುಬಂದಿದೆ. ಇಂಥ ಸಂಸ್ಥೆಗಳ ಗೋಡೆಯ ಮೇಲಿನ ಮರದ ಹಲಗೆಗಳಲ್ಲಿ ಹೊನ್ನಕ್ಷರದಲ್ಲಿ ಬರೆದ ನಾಯಕರ ಹೆಸರುಗಳನ್ನು ಓದುವುದೇ ಒಂದು ಸುಖವೆಂಬುದನ್ನು ಅಲ್ಲಗಳೆಯಲಾರೆ. ಆದರೆ ಹಳೆಯ ಕ್ಲಬ್ಬಿಗೆ ಪ್ರಾಯಶಃ ಉದ್ದವಾದ ನಿರೀಕ್ಷಣಾ ಪಟ್ಟಿಯೂ ಇರುತ್ತದೆ. ಅರ್ಜಿಗೆ ಸೂಚಕರೊಬ್ಬರು, ಅನುಮೋದಕರೊಬ್ಬರು ಬೇಕು. ಅವರಿಬ್ಬರೂ ಹಲವು ವರ್ಷಗಳ ಸದಸ್ಯರಾಗಿರಬೇಕು. ಅಭ್ಯರ್ಥಿಯ ಹೆಸರು ಕೆಲವು ಕಾಲ ಸೂಚನಾಫಲಕದ ಮೇಲೆ ತೂಗಬೇಕು. ಆಮೇಲೆ ಸಮಿತಿಯ ಸಂದರ್ಶನ. ನಿನ್ನೆ ಮೊನ್ನೆ ಸಾಮಾನು ಇಳಿಸಿದವನಿಗೆ ಪಕ್ಕದ ಮನೆಯವರ ಹೆಸರೇ ತಿಳಿಯದಿರುವಾಗ ಅನುಮೋದಕರು ಎಲ್ಲಿಂದ ದೊರೆತಾರು?

ಒಮ್ಮೆ ನಾನು ಹೆಸರಾಂತ ಕ್ಲಬ್ಬೊಂದಕ್ಕೆ ಅರ್ಜಿ ಸಲ್ಲಿಸಿ ಕಾದೆ. ‘ತಮ್ಮ ಸರದಿ ಬಂದಿರುತ್ತದೆ’ ಎಂಬ ಪತ್ರವು ಎರಡು ವಿಳಾಸಗಳನ್ನು ದಾಟಿ, ಮೂರನೆಯ ಊರಿನಲ್ಲಿ ನನ್ನನ್ನು ಹಿಡಿಯಿತು. ಮೂರು ವರ್ಷವಿದ್ದು ಹೋಗುವವನು ಆಜೀವ ಸದಸ್ಯತ್ವವನ್ನು ಅರಸುವುದಕ್ಕಿಂತ, ತಾತ್ಕಾಲಿಕ ಅಥವಾ ನಿಯತಾವಧಿಯ ಸದಸ್ಯತ್ವವುಂಟೋ ಎಂದು ಮೊದಲು ವಿಚಾರಿಸುವುದೇ ಲೇಸು.

ತಪ್ಪು ಕಲ್ಪನೆ 2: ಸದಸ್ಯನಾಗದೆ ಮೈದಾನದಲ್ಲಿ ಕಾಲಿಡಲಾಗದು

ಸತ್ಯ: ಈ ಆಟದ ತವರೆನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣವೇ ಈ ನಂಬಿಕೆಗೆ ಉತ್ತರ ಕೊಡುತ್ತದೆ. ಗಾಲ್ಫಿನ ಸುತ್ತಿಗೆ 18 ಹೋಲುಗಳೆಂಬ ಪದ್ಧತಿ ಬೇರೂರಿದ್ದು ಅಲ್ಲಿಯ ಓಲ್ಡ್ ಕೋರ್ಸಿನಿಂದ; 1764ರಲ್ಲಿ ಅಲ್ಲಿಯವರು 22 ಇದ್ದುದನ್ನು 18ಕ್ಕೆ ಇಳಿಸಿದರು. ಆ ಜಗತ್ಪ್ರಸಿದ್ಧ ನೆಲಕ್ಕೆ ಯಾವ ಕ್ಲಬ್ಬೂ ಒಡೆಯನಲ್ಲ. ಅದು ಸಾರ್ವಜನಿಕ ಸ್ವತ್ತು, ನೋಡಿಕೊಳ್ಳುವುದು ಒಂದು ಟ್ರಸ್ಟು. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟವೇ ಇಲ್ಲ. ಮಹಾ ಮಹಾ ಆಟಗಾರರು ಬೆವರಿಳಿಸಿದ ಹುಲ್ಲಿನ ಮೇಲೆ ಊರಿನ ಜನ ನಾಯಿಗಳನ್ನು ಕರೆದುಕೊಂಡು ವಾಯುಸೇವನೆ ಮಾಡುತ್ತಾರೆ.

ನಮ್ಮ ದೇಶದಲ್ಲಿ ಬಾಗಿಲು ಅಷ್ಟು ಹಾರುಹೊಡೆದು ತೆರೆದಿಲ್ಲವಾದರೂ, ಪೂರ್ತಿಯಾಗಿ ಮುಚ್ಚಿಯೂ ಇಲ್ಲ. ಗ್ರೀನ್ ಫೀ ಕೊಟ್ಟು ವಾರದ ದಿನಗಳಲ್ಲಿ ಹೊರಗಿನವರು ಆಡಲು ಅವಕಾಶವಿರುವ ಮೈದಾನಗಳು ಹಲವು. ಸದಸ್ಯರ ಅತಿಥಿಯಾಗಿ ಹೋಗುವುದಂತೂ ಸರ್ವತ್ರ ರೂಢಿ. ಬಿಟ್ಟುಬಂದ ಊರಿನ ಕ್ಲಬ್ಬಿಗೂ ಹೊಸ ಊರಿನ ಕ್ಲಬ್ಬಿಗೂ ಪರಸ್ಪರ ಸಂಬಂಧದ ಒಪ್ಪಂದವಿದ್ದರೆ, ಹಳೆಯ ಕಾರ್ಯದರ್ಶಿಯ ಪರಿಚಯಪತ್ರವೊಂದೇ ಬಾಗಿಲು ತೆರೆಯುವುದುಂಟು. ಆದುದರಿಂದ ಮೊದಲ ಕೆಲವು ತಿಂಗಳು ಎಲ್ಲಿಯೂ ಸೇರದೆ ಎಲ್ಲೆಡೆಯೂ ಆಡುವುದು ಅಲೆಮಾರಿತನವಲ್ಲ, ವಿವೇಕ.

ತಪ್ಪು ಕಲ್ಪನೆ 3: ಉದ್ದವಾದ, ಕಠಿಣವಾದ ಮೈದಾನದಲ್ಲಿಯೇ ಆಟ ಪಕ್ವವಾಗುವುದು

ಸತ್ಯ: ಗರಡಿಗೆ ಹೊಸದಾಗಿ ಬಂದವನ ಕೈಗೆ ಅತ್ಯಂತ ಭಾರವಾದ ಗದೆಯನ್ನು ಕೊಡುವ ಉಸ್ತಾದನನ್ನು ನಾವು ಯಾರೂ ಕಂಡಿಲ್ಲ, ಆದರೆ ಗಾಲ್ಫಿನಲ್ಲಿ ನಾವೇ ಹೋಗಿ ಅದನ್ನು ಕೇಳಿ ಪಡೆಯುತ್ತೇವೆ. ಮೈದಾನದ ಕಾಠಿಣ್ಯವನ್ನು ಅಳೆಯಲು ಎರಡು ಅಂಕಿಗಳುಂಟು. ಪಳಗಿದ ಆಟಗಾರನಿಗೆ ಎಷ್ಟು ಹೊಡೆತ ಬೇಕಾದೀತೆಂದು ಹೇಳುವುದು ಕೋರ್ಸ್ ರೇಟಿಂಗ್. ಅವನಿಗೆ ಹೋಲಿಸಿದರೆ ಸಾಮಾನ್ಯ ಆಟಗಾರನು ಎಷ್ಟು ಹೆಚ್ಚು ಕಷ್ಟಪಟ್ಟಾನೆಂದು ಹೇಳುವುದು ಸ್ಲೋಪ್ ರೇಟಿಂಗ್. ಈ ಎರಡನೆಯದು 55ರಿಂದ 155ರವರೆಗೆ ಇರುತ್ತದೆ. 113 ಅದರ ಪ್ರಮಾಣಾಂಕ. ಹ್ಯಾಂಡಿಕ್ಯಾಪ್ ಇಂಡೆಕ್ಸ್ 20 ಇರುವವನು 113ರ ಮೈದಾನದಲ್ಲಿ ಸುಮಾರು 20 ಹೊಡೆತಗಳ ರಿಯಾಯಿತಿ ಪಡೆದರೆ, 130ರ ಮೈದಾನದಲ್ಲಿ ಸುಮಾರು 23 ಪಡೆಯುತ್ತಾನೆ. ಕಷ್ಟವನ್ನು ಲೆಕ್ಕವೇ ಸರಿದೂಗಿಸುವುದರಿಂದ, ಕಠಿಣ ಮೈದಾನದ ಸದಸ್ಯನೆಂಬ ಹೆಮ್ಮೆಯು ಸ್ಪರ್ಧೆಯ ಪಟ್ಟಿಯಲ್ಲಿ ಯಾವ ಫಲವನ್ನೂ ಕೊಡುವುದಿಲ್ಲ. ಪೊದೆಗಳಲ್ಲಿ ಕಳೆದುಹೋದ ಚೆಂಡುಗಳ ಲೆಕ್ಕ ಮಾತ್ರ ಉಳಿಯುತ್ತದೆ.

ನಗರದ ನಡುವೆ ಕಟ್ಟಡಗಳೂ ರಸ್ತೆಗಳೂ ಒತ್ತರಿಸಿದ ಕಿರಿದಾದ ಮೈದಾನವು ತನ್ನದೇ ವಿದ್ಯೆಯನ್ನು ಕಲಿಸುತ್ತದೆ. ಅಲ್ಲಿ ದೂರಕ್ಕೆ ಬೆಲೆಯಿಲ್ಲ, ನೇರಕ್ಕೆ ಬೆಲೆ. ಕೊನೆಗೂ ಆಟವು ತೀರ್ಮಾನವಾಗುವುದು ನಾಲ್ಕೂಕಾಲು ಅಂಗುಲ ವ್ಯಾಸದ ಕುಳಿಯ ಬಳಿಯಲ್ಲಿ. ಹೊಸ ಊರಿನ ಒಂದು ಗ್ರೀನಿನ ಮೇಲೆ ನಾನು ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ನೆಲವು ಬಲಕ್ಕೆ ವಾಲಿದೆಯೆಂದು ಸಿದ್ಧಾಂತ ಮಾಡಿಕೊಂಡು ನಿಂತಾಗ, ಹಿಂದಿನಿಂದ ಕ್ಯಾಡಿಯು ಮೆಲ್ಲನೆ, “ಸಾರ್, ಕಣ್ಣು ಮೋಸ ಮಾಡ್ತದೆ. ಇಲ್ಲಿ ಎಲ್ಲಾ ಕೆರೆ ಕಡೆಗೇ ಎಳೀತದೆ, ಒಂದು ಚೆಂಡಿನಷ್ಟು ಬಲಕ್ಕೇ ಹಿಡೀರಿ” ಎಂದ. ನಾನು ಕೇಳಲಿಲ್ಲ. ಚೆಂಡು ಇಬ್ಬನಿಯ ಮೇಲೆ ಕಪ್ಪನೆಯ ಗೆರೆಯೊಂದನ್ನು ಎಳೆಯುತ್ತಾ ಹೋಗಿ, ಕುಳಿಯ ಬಳಿಯಲ್ಲಿ ನಿಧಾನವಾಗಿ ಎಡಕ್ಕೆ, ಕೆರೆಯ ದಿಕ್ಕಿಗೆ, ಹೊರಳಿತು. ಆ ನೆಲವನ್ನು ಇಪ್ಪತ್ತು ವರ್ಷ ನಡೆದವನ ಒಂದು ಮಾತು ಮೈದಾನದ ನೂರು ಗಜದ ಉದ್ದಕ್ಕಿಂತ ದೊಡ್ಡದೆಂದು ಅಂದು ಕಲಿತೆ. ಕ್ಲಬ್ಬನ್ನು ನೋಡಲು ಹೋದವರು ಅಲ್ಲಿಯ ಕ್ಯಾಡಿಗಳು ಎಷ್ಟು ವರ್ಷದಿಂದ ಇದ್ದಾರೆಂದು ಅವಶ್ಯವಾಗಿ ಕೇಳತಕ್ಕದ್ದು. ಹಳಬರು ಉಳಿದಿದ್ದರೆ ಆಡಳಿತವು ಒಳ್ಳೆಯದೆಂದೇ ಅರ್ಥ.

ತಪ್ಪು ಕಲ್ಪನೆ 4: ಊರು ಬದಲಾದರೆ ಹ್ಯಾಂಡಿಕ್ಯಾಪ್ ಮೊದಲಿಂದ ಎಣಿಸಬೇಕು

ಸತ್ಯ: ಹಿಂದೆ ದೇಶಕ್ಕೊಂದು ಲೆಕ್ಕವಿದ್ದ ಕಾಲದಲ್ಲಿ ಈ ಭಯಕ್ಕೆ ಆಧಾರವಿತ್ತು. 2020ರಿಂದ ವಿಶ್ವಕ್ಕೆಲ್ಲ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಜಾರಿಗೆ ಬಂದಿದೆ. ಕಡೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯೇ ಅದರ ಬುನಾದಿ. ಹೊಸಬನು ಒಟ್ಟು 54 ಹೋಲುಗಳ ಅಂಕ ಒಪ್ಪಿಸಿದರೆ ಇಂಡೆಕ್ಸ್ ಲಭಿಸುತ್ತದೆ. ಆ ಅಂಕಿಯು ಆಟಗಾರನದೇ ಹೊರತು ಕ್ಲಬ್ಬಿನದಲ್ಲ. ಮೈಸೂರಿನಲ್ಲಿ ಗಳಿಸಿದ್ದು ಮಸ್ಕತ್ತಿನಲ್ಲಿಯೂ ನಡೆಯುತ್ತದೆ. ಹೊರಡುವ ಮುನ್ನ ತನ್ನ ದಾಖಲೆಯನ್ನು ಕೇಳಿ ಪಡೆದಿಟ್ಟುಕೊಂಡರೆ ಸಾಕು.

ತಪ್ಪು ಕಲ್ಪನೆ 5: ಹಸುರು ಹೆಚ್ಚಿದ್ದಷ್ಟೂ ಮೈದಾನ ಒಳ್ಳೆಯದು

ಸತ್ಯ: ದೂರದರ್ಶನದ ಪರದೆಯ ಮೇಲಿನ ಪಚ್ಚೆಯ ಹಾಸು ನಮ್ಮ ಕಣ್ಣನ್ನು ಕೆಡಿಸಿದೆ. ಸ್ಕಾಟ್ಲೆಂಡಿನ ಕಡಲತೀರದ ಪ್ರಾಚೀನ ಮೈದಾನಗಳು ಒಣ ಬೇಸಗೆಯಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತವೆ. ಬಲ್ಲವರು ಅದನ್ನೇ ಕೊಂಡಾಡುತ್ತಾರೆ, ಏಕೆಂದರೆ ನೆಲ ಗಟ್ಟಿಯಾದಾಗ ಚೆಂಡು ಚೆನ್ನಾಗಿ ಓಡುತ್ತದೆ. ನಮ್ಮ ಸೀಮೆಯ ಫೇರ್‌ವೇಗಳಲ್ಲಿ ವಿಶೇಷವಾಗಿ ಬೆಳೆಸುವ ‘ಬರ್ಮುಡಾ’ ಹುಲ್ಲಾದರೂ ಪರದೇಶದ ಅಪೂರ್ವ ವಸ್ತುವಲ್ಲ. ಭಾದ್ರಪದದ ಚೌತಿಯಂದು ವಿಘ್ನೇಶ್ವರನಿಗೆ ಏರಿಸುವ ನಮ್ಮ ಗರಿಕೆಯೇ ಅದು. ಬಿಸಿಲಿಗೆ ಬಾಡಿದಂತೆ ಕಂಡರೂ ಬೇರಿನಲ್ಲಿ ಜೀವ ಹಿಡಿದು, ಒಂದು ಮಳೆಗೆ ಮತ್ತೆ ತಲೆಯೆತ್ತುವ ಆ ಹುಲ್ಲಿನ ಗುಣವನ್ನು ಬಲ್ಲವನು, ಏಪ್ರಿಲ್ ತಿಂಗಳಿನ ಕಂದುಬಣ್ಣವನ್ನು ನೋಡಿ ಕ್ಲಬ್ಬನ್ನು ತಿರಸ್ಕರಿಸುವುದಿಲ್ಲ.

ಕೊಲ್ಲಿಯ ದೇಶಗಳಿಗೆ ಉದ್ಯೋಗಕ್ಕೆ ಹೋದ ನಮ್ಮವರಿಗೆ ಇನ್ನೊಂದು ಪಾಠ ಸಿಗುತ್ತದೆ. 1988ರಲ್ಲಿ ದುಬೈಯ ಎಮಿರೇಟ್ಸ್ ಕ್ಲಬ್ಬಿನಲ್ಲಿ ಪೂರ್ತಿ ಹುಲ್ಲಿನ ಮೈದಾನ ಸಿದ್ಧವಾಗುವವರೆಗೆ ಆ ಪ್ರಾಂತದಲ್ಲಿ ಆಟವೆಲ್ಲ ಮರಳಿನ ಮೇಲೆಯೇ: ಎಣ್ಣೆ ಬೆರೆಸಿ ಗಟ್ಟಿಗೊಳಿಸಿದ ಮರಳು ಗ್ರೀನಿನ ಸ್ಥಾನದಲ್ಲಿ ‘ಬ್ರೌನ್’ ಎನಿಸಿಕೊಂಡಿತು, ಆಟಗಾರನು ಅಂಗೈಯಗಲದ ಚಾಪೆಯ ತುಂಡೊಂದನ್ನು ಹಿಡಿದುಕೊಂಡು ನಡೆದು, ಚೆಂಡು ಬಿದ್ದಲ್ಲಿ ಅದನ್ನು ಹಾಸಿ ಹೊಡೆಯುತ್ತಿದ್ದನು. ಆದುದರಿಂದ ಬಣ್ಣವನ್ನು ನೋಡದೆ ನೀರನ್ನು ವಿಚಾರಿಸಬೇಕು: ಕೊಳವೆಬಾವಿಯ ನೀರೋ ಸಂಸ್ಕರಿಸಿದ ನೀರೋ, ಬೇಸಗೆಗೆ ಸಾಲುವುದೋ, ದೊಡ್ಡ ಮಳೆಯ ಮರುದಿನ ಮೈದಾನ ಬಸಿದು ಆಟಕ್ಕೆ ದೊರೆಯುವುದೋ? ಕೊಡಗಿಗೋ ಕರಾವಳಿಗೋ ಹೋಗುವವರಿಗಂತೂ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಈ ಕಡೆಯ ಪ್ರಶ್ನೆಯೇ ಮುಖ್ಯ.

ತಪ್ಪು ಕಲ್ಪನೆ 6: ಪ್ರವೇಶ ಶುಲ್ಕವೊಂದನ್ನು ಕಟ್ಟಿದರೆ ಖರ್ಚು ಮುಗಿಯಿತು

ಸತ್ಯ: ಪ್ರವೇಶ ಶುಲ್ಕವು ಮದುವೆಯ ಖರ್ಚಿನಂತೆ, ಸಂಸಾರದ ಖರ್ಚು ಅನಂತರದ್ದು. ಮಾಸಿಕ ಅಥವಾ ವಾರ್ಷಿಕ ಚಂದಾ, ಕ್ಯಾಡಿಯ ಕೂಲಿ, ಅತಿಥಿಗಳ ಶುಲ್ಕ, ಬಂಡಿಯ ಬಾಡಿಗೆ, ತೆರಿಗೆ, ಇವೆಲ್ಲ ಬೇರೆ ಬೇರೆ. ಕೆಲವೆಡೆ ತಿಂಗಳಿಗೆ ಇಂತಿಷ್ಟು ರೂಪಾಯಿಯ ಉಪಾಹಾರವನ್ನು ಕೊಂಡೇ ತೀರಬೇಕೆಂಬ ನಿಯಮವೂ ಉಂಟಾಗಿ, ಇಡ್ಲಿ ತಿನ್ನದವನೂ ಇಡ್ಲಿಯ ಹಣ ತೆರುತ್ತಾನೆ. ಊರು ಬಿಡುವಾಗ ಸದಸ್ಯತ್ವವನ್ನು ಮಾರಿಕೊಳ್ಳಬಹುದೆಂದು ನಂಬುವವರೂ ಇದ್ದಾರೆ. ಅನೇಕ ಕ್ಲಬ್ಬುಗಳಲ್ಲಿ ಅದು ಪರಭಾರೆಯಾಗದು, ಶುಲ್ಕವೂ ಹಿಂದಿರುಗದು. ಸುಲಭವಾದ ಲೆಕ್ಕವೆಂದರೆ ವರ್ಷದ ಒಟ್ಟು ವೆಚ್ಚವನ್ನು ನಿಜವಾಗಿ ಆಡಿದ ಸುತ್ತುಗಳಿಂದ ಭಾಗಿಸುವುದು: 60,000 ರೂಪಾಯಿ ಕಟ್ಟಿ ಹತ್ತು ಬಾರಿ ಆಡಿದವನಿಗೆ ಸುತ್ತಿಗೆ 6,000, ಅರುವತ್ತು ಬಾರಿ ಆಡಿದವನಿಗೆ 1,000. ಭಾಜ್ಯವನ್ನು ಕ್ಲಬ್ಬು ನಿರ್ಣಯಿಸುತ್ತದೆ. ಭಾಜಕವು ಮಾತ್ರ ನಮ್ಮ ಕೈಯಲ್ಲಿದೆ.

ತಪ್ಪು ಕಲ್ಪನೆ 7: ಇದು ಸಿರಿವಂತ ಗಂಡಸರ ಆಟ, ಮನೆಯವರಿಗೆ ಅಲ್ಲಿ ಕೆಲಸವಿಲ್ಲ

ಸತ್ಯ: 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪನವರು ಕ್ಯಾಡಿಯಾಗಿ ಆಟವನ್ನು ಕಂಡು ಕಲಿತವರು. ಟೋಕಿಯೋ ಒಲಿಂಪಿಕ್ಸಿನಲ್ಲಿ ಕಂಚಿನ ಪದಕಕ್ಕೆ ಒಂದೇ ಹೊಡೆತ ಹಿಂದುಳಿದು ನಾಲ್ಕನೆಯವರಾದ ಅದಿತಿ ಅಶೋಕ್ ಅವರೂ ಬೆಂಗಳೂರಿನ ಮೈದಾನಗಳಲ್ಲಿಯೇ ಬಾಲ್ಯದಿಂದ ಬೆಳೆದವರು. ಹಾಗೆಂದು ಪೂರ್ವಗ್ರಹ ಅಳಿಯಿತೆಂದಲ್ಲ: ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್ ಮೈದಾನದ ಕ್ಲಬ್ಬು ಸ್ತ್ರೀಯರನ್ನು ಸದಸ್ಯರಾಗಿಸಿಕೊಳ್ಳಲು ಮತವಿತ್ತದ್ದು 2017ರಷ್ಟು ತಡವಾಗಿ. ಆದಕಾರಣ ಕರಪತ್ರದ ಬಣ್ಣದ ಮಾತುಗಳನ್ನು ಬಿಟ್ಟು, ಭಾನುವಾರ ಬೆಳಗ್ಗೆ ಹೆಂಗಸರಿಗೆ ಆಡುವ ವೇಳೆ ದೊರೆಯುವುದೋ, ಮಕ್ಕಳಿಗೆ ಕಲಿಸುವವರುಂಟೋ ಎಂದು ನೇರವಾಗಿ ಕೇಳಬೇಕು.

ಅಳತೆ ತೆಗೆಯುವ ಬಗೆ

ಹಾಗಾದರೆ ಅಳೆಯಬೇಕಾದುದು ಏನನ್ನು? ನನ್ನ ಅನುಭವದಲ್ಲಿ, ಮೈದಾನವನ್ನಲ್ಲ, ನಮ್ಮ ವಾರವನ್ನು. ಹದಿನೆಂಟು ಹೋಲುಗಳಿಗೆ ನಾಲ್ಕು ಗಂಟೆಗೂ ಮೀರಿದ ಕಾಲ ಬೇಕು. ಹೋಗಿಬರುವುದಕ್ಕೆ ಮೂರು ಗಂಟೆ ಸೇರಿದರೆ ಒಂದು ರಜಾದಿನವು ಸಂದುಹೋಯಿತು. ಬೆಂಗಳೂರಿನಂಥ ನಗರದಲ್ಲಿ ದೂರವನ್ನು ಮೈಲಿಗಳಿಂದ ಅಳೆಯುವುದೇ ವ್ಯರ್ಥ. ಬೆಳಗಿನ ಐದೂವರೆಗೆ ಇಪ್ಪತ್ತು ನಿಮಿಷದ ಹಾದಿಯು ಹತ್ತು ಗಂಟೆಗೆ ಹಿಂದಿರುಗುವಾಗ ಒಂದೂಕಾಲು ಗಂಟೆಯಾಗಿರುತ್ತದೆ. ಮನೆಗೆ ಸಮೀಪದ ಒಂಬತ್ತು ಹೋಲುಗಳ ಸಾಧಾರಣ ಮೈದಾನದಲ್ಲಿ ವಾರಕ್ಕೆರಡು ಬಾರಿ ಆಡಿದವನು, ದೂರದ ಮಹಾಮೈದಾನದಲ್ಲಿ ತಿಂಗಳಿಗೊಮ್ಮೆ ಆಡಿದವನಿಗಿಂತ ಆಟದಲ್ಲಿಯೂ ಸ್ನೇಹದಲ್ಲಿಯೂ ಮುಂದಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ಹಣ ಕಟ್ಟುವ ಮುನ್ನ ಒಂದು ಶನಿವಾರ ಬೆಳಗ್ಗೆ ಆರು ಗಂಟೆಗೆ ಅಪ್ಪಣೆ ಪಡೆದು, ಮೊದಲನೆಯ ಟೀಯ ಪಕ್ಕದ ಬೆಂಚಿನ ಮೇಲೆ ಒಂದು ಗಂಟೆ ಕುಳಿತುಕೊಳ್ಳಿರಿ. ವೇಳೆಗೆ ಸರಿಯಾಗಿ ಗುಂಪುಗಳು ಹೊರಡುವುವೋ ಇಲ್ಲವೋ, ಕ್ಯಾಡಿಗಳನ್ನು ಹೆಸರು ಹಿಡಿದು ಕರೆಯುವರೋ ಚಪ್ಪಾಳೆ ತಟ್ಟಿ ಕರೆಯುವರೋ, ಜೊತೆಯಿಲ್ಲದೆ ಒಂಟಿಯಾಗಿ ಬಂದವನನ್ನು ‘ಬನ್ನಿ, ನಮ್ಮೊಡನೆ ಆಡಿ’ ಎಂದು ಯಾರಾದರೂ ಕರೆದುಕೊಳ್ಳುವರೋ ಎಂಬುದನ್ನು ಗಮನಿಸಿರಿ. ಮುಂದಿನ ತಿಂಗಳು ಆ ಒಂಟಿ ನೀವೇ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಆ ದಿನ ಕೋಲುಗಳ ಚೀಲವನ್ನು ಮನೆಯಲ್ಲಿಯೇ ಬಿಟ್ಟು ಹೋಗಿರಿ. ಅದು ಹೆಗಲಿನಲ್ಲಿದ್ದರೆ, ಕುಳಿತು ನೋಡುವ ತಾಳ್ಮೆ ನಮ್ಮ ಪಂಗಡದವರಿಗೆ ಹತ್ತು ನಿಮಿಷವೂ ಇರದು.