‘ಶಾರ್ಕ್’ ಅಂತ ಬರೆದರೆ ಸಾಲದು: ಬಂಗುಡೆ ಹೆಸರಿನ ಕುಟುಂಬ ಮತ್ತು ನಮ್ಮ ಕಾನೂನು

ಯಲ್ಲಾಪುರದ ಚಂದಗುಳಿ ಅಂದ್ರೆ ಘಂಟೆ ಗಣಪತಿ, ಕಾಡು, ಅಡಿಕೆ ತೋಟ. ಸಮುದ್ರ ಯಾರಿಗೂ ನೆನಪಾಗಲ್ಲ. ಆದರೆ ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಅದೇ ಘಟ್ಟ ಹತ್ತಿ ಬರುವ ಬಂಗುಡೆ ಇಲ್ಲಿಯವರಿಗೂ ಪರಿಚಿತವೇ. ಆ ಬಂಗುಡೆಯ ಹೆಸರು ಹೊತ್ತ ಒಂದು ಶಾರ್ಕ್ ಕುಟುಂಬವಿದೆ. ಇಂಗ್ಲಿಷಿನಲ್ಲಿ ಮ್ಯಾಕರೆಲ್ ಶಾರ್ಕ್, ವಿಜ್ಞಾನದಲ್ಲಿ ಲ್ಯಾಮ್ನಿಡೇ.

ಹೆಸರು ನೋಡಿ ನೆಂಟಸ್ತಿಕೆ ಹುಡುಕಬೇಡಿ. ಬಂಗುಡೆಗೆ ಮೂಳೆ ಇದೆ, ಶಾರ್ಕ್‌ಗೆ ಇರೋದು ಮೃದ್ವಸ್ಥಿ. ಈ ಎರಡು ಕವಲು ಬೇರೆಯಾಗಿ 40 ಕೋಟಿ ವರ್ಷಕ್ಕೂ ಹೆಚ್ಚಾಯ್ತು. ಮೂಳೆಯ ಕವಲಿನಿಂದಲೇ ಮುಂದೆ ನೆಲದ ಪ್ರಾಣಿಗಳು ಬಂದವು, ನಾವೂ ಬಂದೆವು. ಅಂದ್ರೆ ಬಂಗುಡೆ ಶಾರ್ಕ್‌ಗಿಂತ ನಮಗೇ ಹತ್ತಿರದ ನೆಂಟ! ಹೆಸರು ಬಂದದ್ದು ಬರೀ ರೂಪದಿಂದ: ಎರಡೂ ತುದಿ ಚೂಪಾದ ದೇಹ, ಅರ್ಧಚಂದ್ರದ ಬಾಲ. ತೆರೆದ ಕಡಲಲ್ಲಿ ವೇಗವಾಗಿ ಈಜುವ ಬದುಕು ಇಬ್ಬರನ್ನೂ ಒಂದೇ ಅಚ್ಚಿಗೆ ತಂದಿದೆ.

ಈ ಕುಟುಂಬದಲ್ಲಿ ಇವತ್ತು ಉಳಿದಿರೋದು ಮೂರು ಕುಲ, ಐದೇ ಪ್ರಭೇದ. ಸಿನಿಮಾಗಳಿಂದ ಕುಖ್ಯಾತವಾದ ಗ್ರೇಟ್ ವೈಟ್, ಶಾರ್ಟ್‌ಫಿನ್ ಮತ್ತು ಲಾಂಗ್‌ಫಿನ್ ಮಾಕೊ, ತಣ್ಣೀರಿನ ಪೋರ್‌ಬೀಗಲ್ ಮತ್ತು ಸಾಲ್ಮನ್ ಶಾರ್ಕ್. ಸ್ನಾಯುಗಳಲ್ಲಿ ಹುಟ್ಟಿದ ಬಿಸಿ ಕಿವಿರಿನಲ್ಲಿ ಸೋರಿಹೋಗದಂತೆ ರಕ್ತನಾಳಗಳ ಜಾಲವೇ ತಡೆಯುತ್ತದೆ. ಹಾಗಾಗಿ ಇವುಗಳ ಮೈ ಸುತ್ತಲಿನ ನೀರಿಗಿಂತ ಬೆಚ್ಚಗೆ.

ವರ್ಗೀಕರಣ ಕಲ್ಲಿನ ಮೇಲೆ ಕೆತ್ತಿದ್ದಲ್ಲ. 1758ರಲ್ಲಿ ಲಿನೇಯಸ್ ಗ್ರೇಟ್ ವೈಟನ್ನು ಬೇರೆ ಶಾರ್ಕ್‌ಗಳ ಜೊತೆ ಸ್ಕ್ವಾಲಸ್ ಅನ್ನೋ ಒಂದೇ ಕುಲಕ್ಕೆ ಹಾಕಿದ್ದ. ಅಳಿದುಹೋದ ಮೆಗಲೊಡಾನನ್ನು, ಹಲ್ಲಿನ ಗರಗಸದ ಅಂಚು ನೋಡಿ, ಬಹುಕಾಲ ಗ್ರೇಟ್ ವೈಟ್ ಕುಲಕ್ಕೇ ಸೇರಿಸಲಾಗಿತ್ತು. ಈಗ ಹೆಚ್ಚಿನ ಸಂಶೋಧಕರು ಅದನ್ನು ಬೇರೆ ಕುಟುಂಬಕ್ಕೆ ಕಳಿಸಿದ್ದಾರೆ. ಗ್ರೇಟ್ ವೈಟ್‌ಗೆ ಹತ್ತಿರ ಇರೋದು ಮಾಕೊ.

ಇದೆಲ್ಲ ಪಂಡಿತರ ಜಗಳ, ನಮಗೇನು ಅಂತೀರಾ? 2001ರ ಜುಲೈನಲ್ಲಿ ಕೇಂದ್ರ ಸರ್ಕಾರ ಶಾರ್ಕ್, ತೊರಕೆಗಳ ಇಡೀ ಗುಂಪನ್ನೇ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಿತು. ಮೀನುಗಾರರು ಸಹಜವಾಗಿಯೇ ವಿರೋಧಿಸಿದರು. ಡಿಸೆಂಬರ್‌ನಲ್ಲಿ ಪಟ್ಟಿ ಹತ್ತು ಪ್ರಭೇದಕ್ಕೆ ಇಳಿಯಿತು. ಐದೇ ತಿಂಗಳಲ್ಲಿ ‘ಎಲ್ಲವೂ’ ಅನ್ನೋದರಿಂದ ‘ಇವಿಷ್ಟೇ’ ಅನ್ನೋದಕ್ಕೆ! ಆ ಹತ್ತರಲ್ಲಿ ಮಾಕೊ ಇರಲಿಲ್ಲ.

2019ರಲ್ಲಿ ಎರಡೂ ಮಾಕೊಗಳು ಅಳಿವಿನಂಚಿನವು ಎಂದು ಐಯುಸಿಎನ್ ಹೇಳಿತು. ಅದೇ ವರ್ಷ ಅವು ಸೈಟಿಸ್ ಒಪ್ಪಂದದ ಎರಡನೇ ಅನುಬಂಧ ಸೇರಿದವು. ಹಿಡಿಯೋದಕ್ಕೆ ಅದು ನಿಷೇಧವಲ್ಲ. ಆದರೆ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕು, ಪರವಾನಗಿಗೆ ಪ್ರಭೇದದ ಹೆಸರು ಬೇಕು. 2022ರ ತಿದ್ದುಪಡಿ ಸೈಟಿಸ್ ಪಟ್ಟಿಯನ್ನು ನಮ್ಮ ಕಾಯ್ದೆಯ ಒಳಗೇ ತಂದಿದೆ.

ಅರಬ್ಬಿ ಸಮುದ್ರದಲ್ಲಿ ಟ್ಯೂನಾಗೆ ಹಾಕಿದ ಗಾಳಕ್ಕೆ, ಬಲೆಗೆ ಮಾಕೊ ಸಿಗುತ್ತದೆ. ದಡದಲ್ಲಿ ಅದು ಕೊಂಕಣಿಯಲ್ಲಿ ಮೋರಿ, ತುಳುವಿನಲ್ಲಿ ತಾಟೆ. ಬೇರೆ ಹತ್ತಾರು ಶಾರ್ಕ್‌ಗಳಿಗೂ ಅದೇ ಹೆಸರು. ಮಾರುಕಟ್ಟೆಗೆ ಅಷ್ಟು ಸಾಕು. ಲೆಕ್ಕದ ಪುಸ್ತಕಕ್ಕೂ ಅಷ್ಟೇ ಸಾಕು ಅಂದುಕೊಂಡರೆ ಯಾವ ಪ್ರಭೇದ ಎಷ್ಟು ಕಮ್ಮಿಯಾಯ್ತು ಅಂತ ಯಾರಿಗೂ ತಿಳಿಯಲ್ಲ. ಆಗ ಮತ್ತೆ 2001ರಂಥದ್ದೇ ಒಂದು ಆದೇಶ ಬಂದರೆ ಮೀನುಗಾರರ ಕೈಯಲ್ಲಿ ವಾದಿಸಲು ಅಂಕಿಅಂಶವೂ ಇರಲ್ಲ.

ಗುರುತಿಸೋದು ಅಷ್ಟೇನೂ ಕಷ್ಟವಲ್ಲ. ಮಾಕೊ ಹಲ್ಲು ಕೊಕ್ಕೆಯಂತೆ ಸಪೂರ, ಅಂಚಿಗೆ ಗರಗಸ ಇಲ್ಲ. ಎದೆಯ ರೆಕ್ಕೆ ತಲೆಗಿಂತ ಗಿಡ್ಡವಿದ್ದು ಮೂತಿಯ ಅಡಿಭಾಗ ಬೆಳ್ಳಗಿದ್ದರೆ ಶಾರ್ಟ್‌ಫಿನ್. ರೆಕ್ಕೆ ತಲೆಯಷ್ಟೇ ಉದ್ದವಿದ್ದು ಮೂತಿಯಡಿ ಕಪ್ಪಾಗಿದ್ದರೆ ಲಾಂಗ್‌ಫಿನ್. ತಲೆ, ರೆಕ್ಕೆ ಕತ್ತರಿಸುವ ಮೊದಲು ತೆಗೆದ ಒಂದು ಮೊಬೈಲ್ ಫೋಟೊದಲ್ಲಿ ಇಷ್ಟೂ ಕಾಣುತ್ತದೆ. ತುಂಡಾಗಿ ಒಣಗಿದ ಮೇಲೆ ಡಿಎನ್‌ಎ ಪರೀಕ್ಷೆಯೇ ಗತಿ.